ದಸರೆಯಿಂದ ದೀಪಾವಳಿವರೆಗೆ: ಹತ್ತಿಯ ಯೋಗ ಜಮಖಾನೆ, ವರ್ಷಗಳ ಬಳಕೆಯ ನಂತರ

ಆರಡಿಗಿಂತ ತುಸು ಉದ್ದ, ಎರಡಡಿಗಿಂತ ತುಸು ಅಗಲ, ತೂಕ ಒಂದೂವರೆ ಕೆಜಿ ಆಸುಪಾಸು. ಉಸಿರಿನ ಲಯಕ್ಕೆ ಆಸನಗಳನ್ನು ಜೋಡಿಸಿ ಮಾಡಿಸುವ ಮೈಸೂರಿನ ಅಷ್ಟಾಂಗ ಯೋಗ ಶಾಲೆಗಳಲ್ಲಿ ರಬ್ಬರ್ ಮ್ಯಾಟ್ ಮೇಲೆ ಹಾಸಿಕೊಳ್ಳುವ, ಹೊರದೇಶದವರು ‘ಮೈಸೂರು ರಗ್’ ಎಂದು ಕೇಳಿ ಕೊಳ್ಳುವ ಕೈಮಗ್ಗದ ಜಮಖಾನೆ ಇದು. ಬೇರೆ ದಿನಗಳಲ್ಲಿ ಯಾವ ಮ್ಯಾಟ್ ಆದರೂ ನಡೆಯುತ್ತದೆ. ಮನೆ ತುಂಬ ನೆಂಟರು, ಮೈಗೆ ಎಣ್ಣೆ, ನಡುನಡುವೆ ಊರಿಗೆ ಓಡಾಟ ಇರುವ ಹಬ್ಬದ ತಿಂಗಳಲ್ಲಿ ಅಭ್ಯಾಸ ತಪ್ಪದಿರಲು ಮಾತ್ರ ಇದಕ್ಕಿಂತ ಅನುಕೂಲದ್ದು ನನಗೆ ಸಿಕ್ಕಿಲ್ಲ.

ಮೊದಲು ಇದರ ದೊಡ್ಡ ಕೊರತೆ. ಒಣಗಿದ ಹತ್ತಿ ಜಾರುತ್ತದೆ. ಗ್ರಾನೈಟ್ ಅಥವಾ ವಿಟ್ರಿಫೈಡ್ ಟೈಲ್ಸ್ ಮೇಲೆ ಜಮಖಾನೆಯೊಂದನ್ನೇ ಹಾಸಿ, ಕೈಕಾಲು ಊರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನಕ್ಕೆ ನಿಂತರೆ ಕೈ ಒಂದು ಕಡೆ, ಕಾಲು ಒಂದು ಕಡೆ ಹೋಗುತ್ತದೆ. ಹಬ್ಬದ ಬೆಳಿಗ್ಗೆ ಆಗತಾನೇ ಒರೆಸಿದ ನೆಲವಾದರಂತೂ ಅಪಾಯ. ಹಾಗಾಗಿ ಅಡಿಯಲ್ಲಿ ಒಂದೂವರೆ ಮಿ.ಮೀ. ದಪ್ಪದ ರಬ್ಬರ್ ಮ್ಯಾಟ್ ಬೇಕೇ ಬೇಕು. ಮೇಲೆ, ಕೈ ಊರುವ ಮತ್ತು ಪಾದ ಊರುವ ಜಾಗಗಳಿಗೆ ನೀರು ಚಿಮುಕಿಸಿಕೊಳ್ಳಿ. ಒಂದು ಹಿಡಿ ನೀರು ಸಾಕು. ಹತ್ತಿ ಒದ್ದೆಯಾದಷ್ಟೂ ಹಿಡಿತ ಹೆಚ್ಚುತ್ತದೆ. ಬೆವರು ಶುರುವಾದ ಮೇಲೆ ಮತ್ತೆ ನೀರು ಬೇಕಾಗುವುದಿಲ್ಲ.

ಇನ್ನು ಎಣ್ಣೆಯ ಮಾತು. ನೀರು ತುಂಬುವ ಹಬ್ಬದ ಮರುದಿನ, ನರಕ ಚತುರ್ದಶಿಯ ನಸುಕಿನಲ್ಲಿ ಅಭ್ಯಂಜನ. ಎಷ್ಟೇ ಸೀಗೆಪುಡಿ ಹಾಕಿ ಉಜ್ಜಿದರೂ ಚರ್ಮದಲ್ಲಿ ಜಿಡ್ಡು ಉಳಿದೇ ಉಳಿಯುತ್ತದೆ. ಎಣ್ಣೆ ತಾಗಿದ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗಿ, ಕ್ರಮೇಣ ಪುಡಿ ಉದುರಿಸುತ್ತದೆ. ಜಮಖಾನೆ ಆ ಎಣ್ಣೆಯನ್ನು ತಾನು ಹೀರಿಕೊಂಡು ಮ್ಯಾಟ್ ಉಳಿಸುತ್ತದೆ. ಇದನ್ನು ಕೊಳ್ಳಲು ಈ ಕಾರಣವೊಂದೇ ಸಾಕು. ಆದರೆ ಮೈ ಜಾರುವುದನ್ನು ಇದು ತಡೆಯಲಾರದು: ತೋಳಿನ ಮೇಲೆ ತೊಡೆ ನಿಲ್ಲಬೇಕಾದ ಭುಜಪೀಡಾಸನ, ಬಕಾಸನಗಳನ್ನು ಅಂದು ಬಿಡಿ. ಮರುದಿನ ಅಮಾವಾಸ್ಯೆ. ಅಮಾವಾಸ್ಯೆ, ಹುಣ್ಣಿಮೆಗಳಂದು ಅಷ್ಟಾಂಗ ಪದ್ಧತಿಯಲ್ಲಿ ಹೇಗೂ ರಜೆ. ಬಲಿಪಾಡ್ಯಮಿಗೆ ಮತ್ತೆ ಹಾಸಿದರಾಯಿತು.

ಪೂಜೆ, ನೈವೇದ್ಯ ಮುಗಿದು ಊಟವಾಗುವಾಗ ಮಧ್ಯಾಹ್ನ ಮೂರಾಗಬಹುದು. ಹೋಳಿಗೆ ಊಟದ ಮೇಲೆ ನಾಲ್ಕು ತಾಸು ಕಳೆಯುವವರೆಗೆ ಮುಂದಕ್ಕೆ ಬಾಗುವ ಆಸನ ಬೇಡ, ಹುಳಿತೇಗು ಬರುತ್ತದೆ. ಅಲ್ಲಿಗೆ ಸಂಜೆಯ ಲೆಕ್ಕ ಬಿಟ್ಟಂತೆಯೇ. ಉಳಿಯುವುದು ಒಲೆ ಹಚ್ಚುವ ಮೊದಲಿನ ಅರ್ಧ ಗಂಟೆ. ಅಷ್ಟರಲ್ಲಿ ಈ ಪದ್ಧತಿಯ ಎರಡು ಬಗೆಯ ಸೂರ್ಯನಮಸ್ಕಾರಗಳಲ್ಲಿ ‘ಎ’ ಐದು, ‘ಬಿ’ ಮೂರು, ಕೈಗಳನ್ನು ಬೆನ್ನ ಹಿಂದಿನಿಂದ ತಂದು ಹೆಬ್ಬೆರಳು ಹಿಡಿಯುವ ಬದ್ಧ ಪದ್ಮಾಸನ, ಪದ್ಮಾಸನ, ಹಾಗೇ ಕೈ ಊರಿ ಮೈ ಮೇಲೆತ್ತುವ ಉತ್ಪ್ಲುತಿ, ಕೊನೆಗೆ ಐದು ನಿಮಿಷ ಮಲಗುವುದು. ನಿಂತು ಮಾಡುವ ಆಸನಗಳನ್ನು ಅವಸರವಾಗಿ ಓಡಿಸುವುದಕ್ಕಿಂತ ಇಷ್ಟನ್ನೇ ಉಸಿರು ತಪ್ಪದೆ ಮಾಡುವುದು ಎಷ್ಟೋ ಮೇಲು.

ಜಾಗದ ತೊಂದರೆಯೂ ಇದರಿಂದ ಕಡಿಮೆ. ನಡುಮನೆಯಲ್ಲಿ ಗೊಂಬೆ ಕೂರಿಸಿದ್ದರೆ ಮಂಚದ ಪಕ್ಕದ ಎರಡೂವರೆ ಅಡಿ ಸಾಕು. ಜಮಖಾನೆಯನ್ನೂ ಅಡಿಯ ತೆಳು ಮ್ಯಾಟನ್ನೂ ಮಡಚಿದರೆ ಸೀರೆಗಳ ಜೊತೆ ಚೀಲದಲ್ಲಿ ಕೂರುತ್ತವೆ, ಬಸ್ಸಿನಲ್ಲಿ ಸುರುಳಿ ಹೊತ್ತು ನಿಲ್ಲಬೇಕಿಲ್ಲ. ಆದರೆ ಮನೆಯವರಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ ಜಮಖಾನೆ ನೆಂಟರಿಗೆ ಹಾಸುವ ಜಮಖಾನೆಗಳ ಜೊತೆ ಸೇರಿಹೋಗುತ್ತದೆ. ಹಾಸುವ ಮೊದಲು ನೆಲವನ್ನು ಕೈಯಿಂದ ಸವರಿ ನೋಡಿ. ರಂಗೋಲಿ ಪುಡಿಯ ಹರಳು ನೇಯ್ಗೆಯೊಳಗೆ ಕೂತರೆ ಮೊಣಕಾಲು ಸವೆಸುತ್ತದೆ, ಒಗೆದರೂ ಪೂರ್ತಿ ಹೋಗುವುದಿಲ್ಲ.

ಒಗೆಯುವುದೇ ಇದರ ನಿಜವಾದ ಕೆಲಸ. ಮೊದಲ ಎರಡು ಮೂರು ಸಲ ಬಣ್ಣ ಬಿಡುತ್ತದೆ, ತಣ್ಣೀರಿನಲ್ಲಿ ಒಂದನ್ನೇ ಒಗೆಯಿರಿ. ಎರಡು ಮೂರು ಇಂಚು ಕುಗ್ಗುವುದೂ ಆಗಲೇ. ಎಣ್ಣೆ ಹಿಡಿದಿದ್ದರೆ ಅಂಟುವಾಳದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಉಜ್ಜಿ. ಬಟ್ಟೆ ಮೃದುವಾಗಲು ಹಾಕುವ ದ್ರವ ಮಾತ್ರ ಬೇಡ, ಎಳೆಗಳಿಗೆ ಪದರ ಕಟ್ಟಿ ಹಿಡಿತವನ್ನೇ ಕೆಡಿಸುತ್ತದೆ. ಮಷಿನ್‌ಗೆ ಹಾಕುವುದಾದರೆ ದಿಂಬಿನ ಕವರಿನೊಳಗೆ ಹಾಕಿ, ಇಲ್ಲವಾದರೆ ಅಂಚಿನ ಕುಚ್ಚು ಗಂಟಾಗುತ್ತದೆ. ದೀಪಾವಳಿ ಹೊತ್ತಿಗೆ ಹಿಂಗಾರು ಹಿಡಿದರೆ ಒಣಗಲು ಎರಡು ದಿನ. ಮಲೆನಾಡು, ಕರಾವಳಿಯಲ್ಲಿ ಇನ್ನೂ ಹೆಚ್ಚು. ಅರೆ ಒಣಗಿದ್ದನ್ನು ಮಡಚಿಟ್ಟರೆ ಕಪ್ಪು ಬೂಷ್ಟಿನ ಚುಕ್ಕೆ ಬೀಳುತ್ತದೆ, ಅದು ಹೋಗುವುದಿಲ್ಲ. ಆ ಕಡೆಯವರು ಎರಡು ಇಟ್ಟುಕೊಳ್ಳುವುದೇ ವಾಸಿ.

ಭೌಗೋಳಿಕ ಸೂಚಿಕೆ ಪಡೆದ ನವಲಗುಂದದ ಜಮಖಾನೆ ಇದಕ್ಕೆ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಹೆಣ್ಣುಮಕ್ಕಳ ಕೈಯಲ್ಲಿ ಅರಳುವ ಆ ನೇಯ್ಗೆಗೆ ಸಾಟಿಯಿಲ್ಲ. ಪ್ರಾಣಾಯಾಮಕ್ಕೆ ಕೂರಲು ಬಹಳ ಒಳ್ಳೆಯದು, ಜಿಗಿದು ಹಿಂದಕ್ಕೆ ಹೋಗುವ ಅಭ್ಯಾಸಕ್ಕೆ ದಪ್ಪವಾಯಿತು. ಯೋಗಕ್ಕೆಂದು ಕೊಳ್ಳುವಾಗ ನಿಮ್ಮ ಎತ್ತರಕ್ಕಿಂತ ಅರ್ಧ ಅಡಿಯಾದರೂ ಉದ್ದ ನೋಡಿ, ನೇಯ್ಗೆಯ ಉಬ್ಬುಗೆರೆಗಳು ಅಡ್ಡಡ್ಡ ಇರಲಿ, ಕುಚ್ಚಿನ ಗಂಟುಗಳನ್ನು ಒಂದೊಂದಾಗಿ ಎಳೆದು ನೋಡಿ. ಸಡಿಲವಾಗಿದ್ದರೆ ನಾಲ್ಕು ಒಗೆತಕ್ಕೆ ಅಂಚು ಬಿಚ್ಚಿಕೊಳ್ಳುತ್ತದೆ.