ಥ್ರೆಡ್, ಬ್ಯಾಕ್‌ಗ್ರೌಂಡ್‌ವರ್ಕರ್, ಅವೇಟ್: ಯಾವ ಕೆಲಸಕ್ಕೆ ಯಾವುದು?

ವಿನ್‌ಫಾರ್ಮ್ಸ್ (ಡಾಟ್‌ನೆಟ್‌ನಲ್ಲಿ ವಿಂಡೋಸ್ ಪರದೆ ಕಟ್ಟುವ ಸಾಧನ) ತಂತ್ರಾಂಶದಲ್ಲಿ ದೊಡ್ಡ ಕಡತ ಓದುವಾಗ ಪರದೆ ಸ್ತಬ್ಧವಾಗುತ್ತದೆ, ಏನು ಬಳಸಲಿ ಎಂದು ಕೇಳಿದ್ದೀರಿ. ಮೂರು ದಾರಿಗಳಿವೆ: ನೇರ ಥ್ರೆಡ್ (ಪ್ರೋಗ್ರಾಂ ಒಳಗೆ ಪ್ರತ್ಯೇಕವಾಗಿ ಓಡುವ ಕೆಲಸದ ಎಳೆ), ಬ್ಯಾಕ್‌ಗ್ರೌಂಡ್‌ವರ್ಕರ್ ಮತ್ತು ಅವೇಟ್.

ಮೊದಲು ನೋಡಬೇಕಾದದ್ದು ಪರದೆಯ ಸುರಕ್ಷತೆ. ಬಟನ್, ಲೇಬಲ್‌ಗಳನ್ನು ಅವು ಹುಟ್ಟಿದ ಥ್ರೆಡ್ ಮಾತ್ರ ಮುಟ್ಟಬೇಕು. ನೇರವಾಗಿ ಥ್ರೆಡ್ ತೆರೆದರೆ ಪ್ರತಿ ಬಾರಿಯೂ ಇನ್ವೋಕ್ (ಕೆಲಸವನ್ನು ಪರದೆಯ ಥ್ರೆಡ್‌ಗೆ ಒಪ್ಪಿಸುವ ವಿಧಾನ) ಕರೆಯುವ ಹೊಣೆ ನಿಮ್ಮದೇ. ಒಂದೇ ಒಂದು ಕಡೆ ಮರೆತರೂ ತೊಂದರೆ ತಪ್ಪಿದ್ದಲ್ಲ. 2005ರಲ್ಲಿ ಡಾಟ್‌ನೆಟ್ 2.0 ಜೊತೆ ಬಂದ ಬ್ಯಾಕ್‌ಗ್ರೌಂಡ್‌ವರ್ಕರ್ ಈ ಭಾರವನ್ನು ಇಳಿಸಿತು. ನಿಮ್ಮ ಕೆಲಸವನ್ನು ಬರೆಯುವ ಅದರ ಡೂವರ್ಕ್ ಭಾಗ ಹಿನ್ನೆಲೆಯಲ್ಲಿ ಓಡುತ್ತದೆ. ಪ್ರಗತಿ ಮತ್ತು ಮುಕ್ತಾಯದ ಈವೆಂಟ್‌ಗಳು ಪರದೆಯ ಥ್ರೆಡ್‌ಗೇ ಮರಳುತ್ತವೆ. ಡೂವರ್ಕ್ ಒಳಗಿಂದ ಮಾತ್ರ ಪರದೆಯನ್ನು ಮುಟ್ಟಬೇಡಿ. 2012ರ ಸಿ ಶಾರ್ಪ್ 5ರ ಅವೇಟ್‌ನಲ್ಲಿ (ಪರದೆಯನ್ನು ತಡೆಯದೆ ಕೆಲಸ ಮುಗಿಯಲು ಕಾಯುವ ಪದ) ಮುಂದಿನ ಸಾಲು ತಾನಾಗಿಯೇ ಪರದೆಯ ಥ್ರೆಡ್‌ನಲ್ಲಿ ಮುಂದುವರಿಯುತ್ತದೆ.

ದೋಷ ನಿರ್ವಹಣೆಯಲ್ಲಿ ಅಂತರ ಇನ್ನೂ ದೊಡ್ಡದು. ನೇರ ಥ್ರೆಡ್‌ನಲ್ಲಿ ಹಿಡಿಯದ ದೋಷ ಇಡೀ ತಂತ್ರಾಂಶವನ್ನೇ ಕೆಡವುತ್ತದೆ. ಬ್ಯಾಕ್‌ಗ್ರೌಂಡ್‌ವರ್ಕರ್ ಅದನ್ನು ಮುಕ್ತಾಯದ ಈವೆಂಟ್‌ನ ಎರರ್‌ನಲ್ಲಿ ಇಡುತ್ತದೆ. ನೋಡುವುದನ್ನು ಮರೆತರೆ ದೋಷ ಸದ್ದಿಲ್ಲದೆ ಮುಚ್ಚಿಹೋಗಬಹುದು. ನನಗೆ ಇದೇ ಅತ್ಯಂತ ಅಪಾಯಕಾರಿ ಎನಿಸುತ್ತದೆ. ಅವೇಟ್‌ಗೆ ದೋಷ ಹಿಡಿಯುವ ಎಂದಿನ ಟ್ರೈ-ಕ್ಯಾಚ್ ಸಾಕು.

ಕೆಲಸದ ನಡುವೆ ರದ್ದತಿ ಕೇಳಲಾಗಿದೆಯೇ ಎಂದು ಮೂರರಲ್ಲೂ ನೀವೇ ಆಗಾಗ ಪರಿಶೀಲಿಸಬೇಕು.

ಹೊಸದಾಗಿ ಬರೆಯುತ್ತಿದ್ದರೆ, ಕೆಲಸಗಳು ಒಂದರ ಹಿಂದೊಂದು ಬರುವಂತಿದ್ದರೆ ಅವೇಟ್ ಹಿಡಿಯಿರಿ. ಹಳೆಯ ಕೋಡ್‌ನಲ್ಲಿ ಬ್ಯಾಕ್‌ಗ್ರೌಂಡ್‌ವರ್ಕರ್ ಚೆನ್ನಾಗಿ ನಡೆಯುತ್ತಿದ್ದರೆ ಕಿತ್ತು ಹಾಕಬೇಡಿ. ತೂಕದ ಯಂತ್ರದ ಸೀರಿಯಲ್ ಪೋರ್ಟನ್ನು ದಿನವಿಡೀ ಆಲಿಸುವಂಥ ಕೆಲಸಕ್ಕೆ ಪ್ರತ್ಯೇಕ ಥ್ರೆಡ್ ಒಪ್ಪುತ್ತದೆ. ಆಗ ಆ ಥ್ರೆಡ್‌ನ ಈಸ್‌ಬ್ಯಾಕ್‌ಗ್ರೌಂಡ್ ಎಂಬ ಗುಣವನ್ನು ಟ್ರೂ ಮಾಡಿ, ಇಲ್ಲವಾದರೆ ಕಿಟಕಿ ಮುಚ್ಚಿದರೂ ಪ್ರೋಗ್ರಾಂ ಓಡುತ್ತಲೇ ಇರುತ್ತದೆ.