ಒತ್ತಿದ ಮಣ್ಣಿನ ಇಟ್ಟಿಗೆ, ಸುಣ್ಣದ ಗಾರೆ: ಏಳು ಮಳೆಗಾಲ ಕಳೆದ ಮೇಲೆ

ಈ ಮನೆಗೆ ಬಂದು ಏಳು ವರ್ಷ ಆಯಿತು. ಗೋಡೆಯೆಲ್ಲ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ. ಒಳಗಡೆ ಸುಣ್ಣದ ಗಾರೆ, ಹೊರಗಡೆ, ಪಡುವಣ ಕಡೆ ರಿಪೇರಿ ಮಾಡಿಸಿದ ಭಾಗ ಬಿಟ್ಟರೆ, ಇಟ್ಟಿಗೆ ಹಾಗೇ ಕಾಣುತ್ತದೆ. ಹೊಸದರಲ್ಲೇ ಬರೆಯಬಹುದಿತ್ತು, ಆದರೆ ಹೊಸ ಮನೆ ಯಾರದ್ದಾದರೂ ಚೆಂದವೇ ಅಲ್ವಾ?

ಮೊದಲು ಬೇಸಿಗೆಯ ಮಾತು. ನಮ್ಮಲ್ಲಿ ಹಗಲು ಬಿಸಿಲು ಸುಡುತ್ತದೆ, ರಾತ್ರಿ ಚೆನ್ನಾಗಿ ತಂಪಾಗುತ್ತದೆ. ಇಂಥ ಒಣ ಹವೆಗೆ ದಪ್ಪ ಮಣ್ಣಿನ ಗೋಡೆ ಹೇಳಿ ಮಾಡಿಸಿದ ಹಾಗಿದೆ. ಮಧ್ಯಾಹ್ನ ಮೂರಕ್ಕೆ ಪಡುವಣ ಗೋಡೆಗೆ ಒಳಗಿನಿಂದ ಅಂಗೈ ಇಟ್ಟರೆ ತಣ್ಣಗಿರುತ್ತದೆ. ಅದೇ ಜಾಗ ರಾತ್ರಿ ಒಂಬತ್ತಕ್ಕೆ ಬೆಚ್ಚಗಾಗಿರುತ್ತದೆ. ಬಿಸಿ ಒಳಗೆ ಬರುವಷ್ಟರಲ್ಲಿ ಹೊರಗಿನ ಗಾಳಿ ತಂಪಾಗಿರುವುದರಿಂದ ಕಿಟಕಿ ತೆಗೆದರೆ ಸಾಕು.

ಹಾಗಂತ ಎಲ್ಲರೂ ಇದನ್ನೇ ಕಟ್ಟಿ ಅಂತ ನಾನು ಹೇಳುವುದಿಲ್ಲ. ರಾತ್ರಿಯೂ ಬೆವರು ಹರಿಯುವ, ಗಾಳಿಯಲ್ಲಿ ತೇವ ಜಾಸ್ತಿ ಇರುವ ಕಡೆ ದಪ್ಪ ಗೋಡೆ ಹಿಡಿದಿಟ್ಟುಕೊಂಡ ಬಿಸಿ ಹೊರಗೆ ಹೋಗುವುದೇ ಇಲ್ಲ. ಅಲ್ಲಿ ತೆಳು ಗೋಡೆ, ಎತ್ತರದ ಚಾವಣಿ, ಎದುರುಬದುರು ಕಿಟಕಿ ಬೇಕು. ಮರ, ಬಿದಿರು ಅಲ್ಲಿಗೆ ಒಪ್ಪುತ್ತವೆ. ಬಿದಿರಾದರೆ ಬೋರಾಕ್ಸ್, ಬೋರಿಕ್ ಆಮ್ಲದ ನೀರಿನಲ್ಲಿ ನೆನೆಸಿದ್ದೇ ಇರಬೇಕು, ಇಲ್ಲದಿದ್ದರೆ ಅದರೊಳಗಿನ ಪಿಷ್ಟಕ್ಕೆ ಹುಳು ಬಂದು ಪುಡಿ ಮಾಡುತ್ತದೆ. ನಿಮ್ಮಲ್ಲಿ ರಾತ್ರಿ ಎಷ್ಟು ತಂಪಾಗುತ್ತದೆ ಅನ್ನುವುದನ್ನು ಮೊದಲು ನೋಡಿ, ಆಮೇಲೆ ಸಾಮಾನು ಆರಿಸಿ.

ಮಣ್ಣನ್ನೂ ಸುಮ್ನೆ ನಂಬಬೇಡಿ. ಗಾಜಿನ ಬಾಟಲಿಯಲ್ಲಿ ಅರ್ಧ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ ಕುಲುಕಿ ಇಡಿ. ಮರಳು ತಕ್ಷಣ ತಳಕ್ಕೆ ಕೂರುತ್ತದೆ, ನುಣುಪು ಹೂಳು ನಿಧಾನವಾಗಿ, ಜೇಡಿ ಎಲ್ಲಕ್ಕಿಂತ ಕೊನೆಗೆ. ಮರಳಿನ ಪದರವೇ ದೊಡ್ಡದಿರಬೇಕು. ನಮ್ಮ ಜಾಗದ ಮಣ್ಣಿನಲ್ಲಿ ಜೇಡಿ ಜಾಸ್ತಿ ಇತ್ತು, ಮರಳು ಬೆರೆಸಿದೆವು. ಸಿಮೆಂಟು ಶೇಕಡಾ 7 ಹಾಕಿ ಒತ್ತಿಸಿ, ನಾಲ್ಕು ವಾರ ತೇವ ಆರದ ಹಾಗೆ ನೋಡಿಕೊಂಡೆವು. ಹೀಗೆ ಮಾಡಿದರೆ ಗೂಡಿನಲ್ಲಿ ಸುಡುವ ಕೆಲಸವೇ ಇಲ್ಲ. ಎರೆ ಮಣ್ಣಾದರೆ ನೆನೆದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ, ಅದಕ್ಕೆ ಸಿಮೆಂಟಿಗಿಂತ ಸುಣ್ಣವೇ ಮೇಲು.

ಈಗ ನಾವು ಪೆಟ್ಟು ತಿಂದ ಕಥೆ. ಪಡುವಣ ಕಡೆ ಸೂರು ಒಂದೇ ಅಡಿ ಹೊರಗೆ ಬಿಟ್ಟಿದ್ದೆವು. ಎರಡನೇ ಮಳೆಗಾಲದಲ್ಲಿ ಇರಚಲು ಹೊಡೆದು ಕೆಳಗಿನ ಮೂರು ವರಸೆ ಇಟ್ಟಿಗೆ ಚಕ್ಕೆ ಚಕ್ಕೆಯಾಗಿ ಉದುರಲು ಶುರುವಾಯಿತು. ರಿಪೇರಿಗೆ ಬಂದವರು ಅದರ ಮೇಲೆ ಗಟ್ಟಿ ಸಿಮೆಂಟ್ ಪ್ಲಾಸ್ಟರ್ ಮೆತ್ತಿ ಹೋದರು. ನೋಡಲು ಭದ್ರವಾಗಿತ್ತು. ಮರುವರ್ಷ ಬೆರಳಿನಲ್ಲಿ ತಟ್ಟಿದರೆ ಟೊಳ್ಳು ಸದ್ದು. ಒಂದು ತುದಿ ಹಿಡಿದು ಎಳೆದೆ, ರೊಟ್ಟಿಯ ಹಾಗೆ ಇಡೀ ಹಾಳೆ ಕೈಗೆ ಬಂತು, ಹಿಂಬದಿಯಲ್ಲಿ ಒಂದು ಬೆರಳು ದಪ್ಪ ಒದ್ದೆ ಮಣ್ಣು ಅಂಟಿಕೊಂಡಿತ್ತು. ನನಗೆ ತುಂಬಾ ಸಂಕಟವಾಯಿತು. ಒಳಗೆ ಸೇರಿದ ನೀರು ಸಿಮೆಂಟ್ ದಾಟಿ ಆರಲು ದಾರಿಯೇ ಇರಲಿಲ್ಲ. ಎಲ್ಲ ಕೆತ್ತಿಸಿ, ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ ಹಾಕಿಸಿದೆವು. ಸೂರನ್ನು ಎರಡೂವರೆ ಅಡಿಗೆ ಚಾಚಿಸಿದೆವು. ಅಲ್ಲಿಂದ ಈಚೆಗೆ ಒಂದು ಚಕ್ಕೆಯೂ ಉದುರಿಲ್ಲ.

ಸುಣ್ಣಕ್ಕೆ ತಾಳ್ಮೆ ಬೇಕು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅದು ನಿಧಾನವಾಗಿ ಗಟ್ಟಿಯಾಗುತ್ತದೆ, ಅವಸರ ಮಾಡಿದರೆ ಬಿರುಕು ಬರುತ್ತದೆ. ಒಂದು ಕೋಣೆಗೆ ಪ್ಲಾಸ್ಟಿಕ್ ಪೇಂಟ್ ಹೊಡೆಸಿ ನೋಡಿದೆವು, ಗುಳ್ಳೆ ಎದ್ದು ಸುಲಿದು ಬಂತು. ಉಳಿದ ಕೋಣೆಗಳಿಗೆ ಸುಣ್ಣದ ಬಣ್ಣವೇ, ಮುಗ್ಗಲು ವಾಸನೆ ಇಲ್ಲವೇ ಇಲ್ಲ.

ಗೆದ್ದಲು ಮಣ್ಣನ್ನು ತಿನ್ನುವುದಿಲ್ಲ, ಆದರೆ ಗೋಡೆ ಹತ್ತಿ ಬಾಗಿಲ ಚೌಕಟ್ಟಿಗೆ ಬರುತ್ತದೆ. ಪಾಯ ನೆಲದಿಂದ ಎರಡು ಅಡಿ ಎತ್ತರದ ಕಲ್ಲಿನದ್ದು, ಅದರ ಮೇಲೆ ತೇವ ತಡೆಯುವ ಪದರ ಇದೆ. ಆದರೂ ವರ್ಷಕ್ಕೆರಡು ಸಲ ಸುತ್ತ ಹೋಗಿ ಮಣ್ಣಿನ ಗೆರೆ ಎದ್ದಿದೆಯಾ ಅಂತ ನೋಡುತ್ತೇನೆ.

ಮತ್ತೆ ಕಟ್ಟುವುದಾದರೂ ಇದನ್ನೇ ಕಟ್ಟುತ್ತೇನೆ, ಸೂರು ಮಾತ್ರ ಮೊದಲ ದಿನವೇ ಎರಡೂವರೆ ಅಡಿ. ಈಗ ಉಳಿದಿರುವ ಕೆಲಸ ಅಂದರೆ ಎರಡು ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಪಡುವಣ ಗೋಡೆಯ ಗಾರೆಗೆ ಒಂದು ಕೋಟು ಸುಣ್ಣ ಬಳಿಯುವುದು.