ಚಂದಾಪುರ, ಆನೇಕಲ್ ಕಡೆ ಲೀಸಿಗೆ ಮನೆ ನೋಡ್ತಿದ್ದೀರಾ? ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಬೆಂಗಳೂರೊಳಗೆ ಬಾಡಿಗೆ ಕಟ್ಟೋಕಾಗಲ್ಲ ಅಂತ ಚಂದಾಪುರ, ಆನೇಕಲ್, ಅತ್ತಿಬೆಲೆ, ಜಿಗಣಿ ಕಡೆ ಮನೆ ಹುಡುಕ್ತಿರೋರು ತುಂಬಾ ಜನ ಇದ್ದಾರೆ, ಅದರಲ್ಲೂ ತಿಂಗಳ ಬಾಡಿಗೆ ರಗಳೆನೇ ಬೇಡ ಅಂತ ಲೀಸಿಗೆ, ಅಂದ್ರೆ ಒಂದೇ ಸಲ ದೊಡ್ಡ ಮೊತ್ತ ಓನರಿಗೆ ಕೊಟ್ಟು ಬಿಡೋವಾಗ ವಾಪಸ್ ತಗೊಳ್ಳೋ ಥರದಲ್ಲಿ, ಹೋಗೋರು ಜಾಸ್ತಿ. ಅವರಿಗೋಸ್ಕರ ಇದನ್ನ ಬರೀತಿದ್ದೀನಿ. ಆ ಕಡೆ ಹೋಗ್ಲೇಬೇಡಿ ಅಂತಲ್ಲ, ಅಲ್ಲಿ ನೆಮ್ಮದಿಯಾಗಿರೋರೂ ಇದ್ದಾರೆ. ಆದ್ರೆ ಆ ಏರಿಯಾದಲ್ಲಿ ಒಂದು ಬೇಸಿಗೆ ಕಳೀದೆ, ಕೆಲಸದ ದಿನ ಅಲ್ಲಿಂದ ಆಫೀಸಿಗೆ ಓಡಾಡಿ ನೋಡದೆ ಲಕ್ಷಗಟ್ಟಲೆ ದುಡ್ಡನ್ನ ಲೀಸಿಗೆ ಹಾಕ್ಬೇಡಿ. ಬಾಡಿಗೆ ಮನೆ ಆದ್ರೆ ಜಾಗ ಸರಿಯಿಲ್ಲ ಅಂದ ತಕ್ಷಣ ಒಂದೆರಡು ತಿಂಗಳು ಮುಂಚೆ ಹೇಳಿ ಬಿಟ್ಟು ಬರ್ಬೋದು, ಲೀಸಲ್ಲಿ ಹಾಗಾಗಲ್ಲ, ನಿಮ್ಮ ದುಡ್ಡು ಓನರ್ ಹತ್ರ ಇರೋ ತನಕ ನೀವೂ ಅಲ್ಲೇ ಇರ್ಬೇಕು.

ನಮ್ಮದು ಉತ್ತರಹಳ್ಳಿಯಲ್ಲಿ ಎರಡು ಬೆಡ್‌ರೂಮ್ ಮನೆ ಇತ್ತು, 18 ಸಾವಿರ ಬಾಡಿಗೆ. 2023ರ ಕೊನೆಗೆ ಓನರ್ 22 ಮಾಡ್ತೀನಿ ಅಂದ್ರು. ನಮ್ಮೆಜಮಾನ್ರಿಗೆ ಎಲೆಕ್ಟ್ರಾನಿಕ್ ಸಿಟೀಲಿ ಕೆಲಸ, ನಂದು ಜಯನಗರದಲ್ಲಿ ಅಕೌಂಟ್ಸ್ ಕೆಲಸ, ಮಗ ಆಗ ಒಂದನೇ ಕ್ಲಾಸು. ಒಬ್ಬ ಬ್ರೋಕರ್ ಚಂದಾಪುರದಿಂದ ಆನೇಕಲ್ ರೋಡಲ್ಲಿ ಹೋಗಿ ಒಳಗಡೆ ಒಂದು ಲೇಔಟಲ್ಲಿ ಮನೆ ತೋರಿಸಿದ್ರು. ಮನೆ ನಿಜಕ್ಕೂ ಚೆನ್ನಾಗಿತ್ತು, ಗಾಳಿ ಬೆಳಕು ಎಲ್ಲ. 9 ಲಕ್ಷಕ್ಕೆ ಎರಡು ವರ್ಷ ಲೀಸ್. ತೋರಿಸಿದ್ದು ಭಾನುವಾರ ಮಧ್ಯಾಹ್ನ, ಹೊಸೂರು ರೋಡ್ ಖಾಲಿ, ಉತ್ತರಹಳ್ಳಿಯಿಂದ ಹೋಗಿದ್ದೇ ಗೊತ್ತಾಗಲಿಲ್ಲ. ಈ ಬ್ರೋಕರುಗಳು ಮನೆ ತೋರಿಸೋದೇ ಭಾನುವಾರ, ಯಾವ ಏರಿಯಾ ಆದ್ರೂ ಇದನ್ನ ಗಮನಿಸಿ.

ಆಗ ಅವರು ಹೇಳಿದ ಮಾತುಗಳು ಮೂರು. ಬೊಮ್ಮಸಂದ್ರಕ್ಕೆ ಮೆಟ್ರೋ ಇನ್ನು ನಾಲ್ಕೈದು ತಿಂಗಳಲ್ಲಿ ಓಡುತ್ತೆ. ಚಂದಾಪುರದ ಹತ್ರದ ಹೀಲಲಿಗೆಗೆ ಸಬರ್ಬನ್ ರೈಲು ಬರ್ತಾ ಇದೆ. ಬೆಂಗಳೂರಿಗೆ ಕಾವೇರಿ ನೀರು ತರೋ ಯೋಜನೆಯ ಐದನೇ ಹಂತ ಮುಗೀತಿದೆ, ನೀರಿನ ಚಿಂತೆ ಇಲ್ಲ ಮೇಡಂ. ಮೂರೂ ಯೋಜನೆ ಸುಳ್ಳಲ್ಲ, ಪೇಪರಲ್ಲಿ ಬರ್ತಾನೇ ಇದ್ದವು, ಅದಕ್ಕೇ ಯಾರಾದ್ರೂ ನಂಬ್ತಾರೆ. ಒಂದೊಂದರ ಕಥೆ ಏನಾಯ್ತು ಅಂತ ಹೇಳ್ತೀನಿ, ಯಾಕಂದ್ರೆ ಇದೇ ಮಾತನ್ನ ಈಗ್ಲೂ ಬೇರೆಬೇರೆ ರೋಡಲ್ಲಿ ಬೇರೆಬೇರೆ ಹೆಸರಲ್ಲಿ ಹೇಳ್ತಿದ್ದಾರೆ.

ಮೊದಲು ನೀರು. ಕಾವೇರಿ ಐದನೇ ಹಂತ 2024ರ ಅಕ್ಟೋಬರಲ್ಲಿ ಉದ್ಘಾಟನೆ ಆಯ್ತು, ದಿನಕ್ಕೆ 775 ದಶಲಕ್ಷ ಲೀಟರ್ ನೀರು, ಸರಿ. ಆದ್ರೆ ಅದು ಇರೋದು 2007ರಲ್ಲಿ ಬಿಬಿಎಂಪಿಗೆ ಸೇರಿಸಿದ್ರಲ್ಲ ಆ 110 ಹಳ್ಳಿಗಳಿಗೆ. ಚಂದಾಪುರಕ್ಕೆ ಅದರದ್ದೇ ಪುರಸಭೆ ಇದೆ, ಅದು ಬಿಬಿಎಂಪಿ ಒಳಗೇ ಇರಲಿಲ್ಲ. ನಮ್ಮ ಲೇಔಟ್ ಅದಕ್ಕಿಂತ ಆಚೆ, ಪಂಚಾಯ್ತಿ ಲಿಮಿಟ್ಟು. ಅಂದ್ರೆ ಆ ಪೈಪ್‌ಲೈನಿಗೂ ನಮ್ಮ ಸಂಪಿಗೂ ಸಂಬಂಧನೇ ಇಲ್ಲ. ಇದನ್ನ ಪಂಚಾಯ್ತಿ ಆಫೀಸಲ್ಲಿ ನಿಂತು ಒಂದು ಮಾತು ಕೇಳಿದ್ರೆ ಹೇಳ್ತಾರೆ, ಬ್ರೋಕರ್ ಹೇಳಲ್ಲ.

ಇದ್ದಿದ್ದು ಬೋರ್‌ವೆಲ್. ಡಿಸೆಂಬರ್ ಜನವರಿ ತನಕ ನೀರು ಬಂತು, ಗಡುಸು ನೀರು, ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟೋದು, ಗೀಸರ್ ಕಾಯಿಲ್ ಕೆಟ್ಟೋಯ್ತು, ಮಗನ ಮೈಯೆಲ್ಲ ಒಣಗಿ ಕೆರ್ಕೊಳ್ಳೋನು. ಕುಡಿಯೋಕೆ ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನ್ ತುಂಬಿಸ್ಕೊಂಡು ಬರೋದು. ಅಷ್ಟಾದ್ರೆ ಹೊಂದ್ಕೊಳ್ಬೋದಿತ್ತು. 2024ರ ಫೆಬ್ರವರಿ ಹೊತ್ತಿಗೆ ಬೋರ್ ನಿಂತೇ ಹೋಯ್ತು. ಆ ವರ್ಷದ ನೀರಿನ ಬರ ಎಲ್ಲರಿಗೂ ನೆನಪಿರುತ್ತೆ. ಮಾರ್ಚಲ್ಲಿ ಜಿಲ್ಲಾಡಳಿತ ಟ್ಯಾಂಕರಿಗೆ ದರ ಫಿಕ್ಸ್ ಮಾಡ್ತು, 5 ಕಿಲೋಮೀಟರ್ ಒಳಗೆ ಆದ್ರೆ 6 ಸಾವಿರ ಲೀಟರಿಗೆ 600 ರೂಪಾಯಿ ಅಂತ. ನಮ್ಮ ಲೇಔಟಿಗೆ ಬರೋ ಟ್ಯಾಂಕರ್‌ನೋನು ಆ ಆರ್ಡರ್ ತೋರಿಸಿದ್ರೆ ಹಾಗಾದ್ರೆ ಅವರ ಹತ್ರನೇ ತರಿಸ್ಕೊಳ್ಳಿ ಅನ್ನೋನು, ಅದರ ಎರಡರಷ್ಟು ಕೊಟ್ರೂ ಎರಡು ದಿನ ಮುಂಚೆ ಹೇಳಿರ್ಬೇಕು, ಬರೋದು ರಾತ್ರಿ ಹನ್ನೊಂದಕ್ಕೋ ಒಂದಕ್ಕೋ, ಯಾರಾದ್ರೂ ಎದ್ದಿದ್ದು ಸಂಪಿನ ಮುಚ್ಚಳ ತೆಗೀಬೇಕು. ಓನರಿಗೆ ಫೋನ್ ಮಾಡಿದ್ರೆ ಲೀಸಿಗೆ ಕೊಟ್ಟ ಮೇಲೆ ನೀರು ನಿಮ್ದಮ್ಮಾ ಅಂದ್ರು. ಅಗ್ರಿಮೆಂಟಲ್ಲಿ ನೀರಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ನೀವು ಮಾಡಿಸ್ತಿದ್ರೆ ಬೋರ್ ಒಣಗಿದ್ರೆ ಟ್ಯಾಂಕರ್ ದುಡ್ಡು ಯಾರದ್ದು ಅಂತ ಬರೆಸ್ಕೊಳ್ಳಿ.

ಇನ್ನು ಓಡಾಟ. ಲೇಔಟಿಂದ ಮೇನ್ ರೋಡಿಗೆ ಬರೋಕೆ ಶೇರ್ ಆಟೋ, ಅಲ್ಲಿಂದ ಚಂದಾಪುರ ಸರ್ಕಲ್, ಬೆಳಿಗ್ಗೆ ಎಂಟರಿಂದ ಹತ್ತರ ತನಕ ಆ ಸರ್ಕಲ್ ದಾಟೋದೇ ಒಂದು ಪ್ರಯಾಣ. ಅಲ್ಲಿಂದ ಸಿಲ್ಕ್ ಬೋರ್ಡ್‌ಗೆ ಬಸ್ಸು, ಅಲ್ಲಿಳಿದು ಜಯನಗರಕ್ಕೆ ಇನ್ನೊಂದು. ಶಕ್ತಿ ಯೋಜನೆ ಬಂದಿದ್ರಿಂದ ನಂಗೆ ಬಸ್ ಚಾರ್ಜ್ ಇರಲಿಲ್ಲ, ಅದೊಂದು ದೊಡ್ಡ ಉಪಕಾರ, ಆದ್ರೆ ಹೋಗ್ತಾ ಎರಡು ಗಂಟೆ ಬರ್ತಾ ಎರಡು ಗಂಟೆ ಮೇಲೆ, ಅದೂ ಅರ್ಧ ದಾರಿ ನಿಂತ್ಕೊಂಡೇ. ಸಂಜೆ ಮಳೆ ಬಂದ್ರೆ ಲೆಕ್ಕನೇ ಇಲ್ಲ. ಎಲ್ಲಕ್ಕಿಂತ ಕಷ್ಟ ಆಗ್ತಿದ್ದಿದ್ದು ಕೊನೇ ಎರಡು ಕಿಲೋಮೀಟರು. ಒಂಬತ್ತು ಗಂಟೆ ಆದ್ಮೇಲೆ ಶೇರ್ ಆಟೋ ಇಲ್ಲ, ಬೇರೆ ಆಟೋದವರು ಒಳಗೆ ಬರಲ್ಲ, ಬಂದ್ರೂ ವಾಪಸ್ ಖಾಲಿ ಹೋಗ್ಬೇಕು ಅಂತ ಡಬಲ್ ಕೇಳೋರು. ಬೀದಿ ದೀಪ ಇಲ್ಲದ ರೋಡು, ಖಾಲಿ ಸೈಟುಗಳು, ನಾಯಿಗಳ ಗುಂಪು. ನಮ್ಮೆಜಮಾನ್ರು ಸೆಕೆಂಡ್ ಶಿಫ್ಟಲ್ಲಿದ್ದ ವಾರ ಎಲ್ಲಾ ನಾನು ಮೇನ್ ರೋಡಲ್ಲೇ ಮೆಡಿಕಲ್ ಶಾಪ್ ಮುಂದೆ ಪಕ್ಕದ ಮನೆಯೋರಿಗೋಸ್ಕರ ಕಾಯ್ತಾ ನಿಲ್ತಿದ್ದೆ. ಹೆಣ್ಮಕ್ಕಳು ಕೆಲಸಕ್ಕೆ ಹೋಗೋ ಮನೆ ಆದ್ರೆ ಕಿಲೋಮೀಟರ್ ಎಷ್ಟು ಅಂತ ಕೇಳೋಕಿಂತ ಮುಂಚೆ ರಾತ್ರಿ ಒಂಬತ್ತೂವರೆಗೆ ಬಸ್ ಸ್ಟಾಪಿಂದ ಮನೆ ತನಕ ನಡ್ಕೊಂಡು ಹೋಗಿ ನೋಡಿ, ದಯವಿಟ್ಟು.

ಮೆಟ್ರೋ ನಾಲ್ಕೈದು ತಿಂಗಳಲ್ಲಿ ಅಂದಿದ್ದು ಶುರುವಾಗಿದ್ದು 2025ರ ಆಗಸ್ಟಲ್ಲಿ. ಆರ್‌ವಿ ರೋಡಿಂದ ಬೊಮ್ಮಸಂದ್ರ, 19 ಕಿಲೋಮೀಟರ್, 16 ಸ್ಟೇಷನ್. ಮೊದಮೊದಲು 25 ನಿಮಿಷಕ್ಕೊಂದು ರೈಲು, ಯಾಕಂದ್ರೆ ಇದ್ದಿದ್ದೇ ಮೂರು. ಮೆಟ್ರೋ ಬಂದಿದ್ದರಿಂದ ಹೊಸೂರು ರೋಡ್ ಜನಕ್ಕೆ ಒಳ್ಳೇದಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಲೈನ್ ಬೊಮ್ಮಸಂದ್ರಕ್ಕೇ ನಿಲ್ಲುತ್ತೆ, ಚಂದಾಪುರ ಅದರಿಂದಾಚೆ, ನಮ್ಮ ಮನೆ ಇನ್ನೂ ಆಚೆ, ಅದೇ ಸರ್ಕಲ್ ದಾಟಿನೇ ಸ್ಟೇಷನ್ನಿಗೆ ಬರ್ಬೇಕು. ಶುರುವಾದಾಗ ಆ ತುದಿಯಿಂದ ಈ ತುದಿಗೆ 60 ರೂಪಾಯಿ ಟಿಕೆಟ್, ಅಂದ್ರೆ ದಿನಕ್ಕೆ 120. ಸಬರ್ಬನ್ ರೈಲಿಗೆ 2022ರ ಜೂನಲ್ಲಿ ಪ್ರಧಾನಿ ಅಡಿಗಲ್ಲು ಹಾಕಿ 40 ತಿಂಗಳು ಅಂದಿದ್ರು, ಆ 40 ತಿಂಗಳು 2025ರ ಅಕ್ಟೋಬರಿಗೆ ಮುಗೀತು, ಹೀಲಲಿಗೆಯಿಂದ ರಾಜಾನುಕುಂಟೆಗೆ ಇನ್ನೂ ರೈಲು ಓಡ್ತಿಲ್ಲ. ಮುಂದೆ ಬರುತ್ತೆ ಅನ್ನೋ ಯಾವುದನ್ನೂ ಲೆಕ್ಕಕ್ಕೆ ತಗೋಬೇಡಿ, ಇವತ್ತು ಏನು ಓಡ್ತಿದೆಯೋ ಅದರ ಮೇಲೆ ಮಾತ್ರ ಮನೆ ಆರಿಸಿ.

ದುಡ್ಡಿನ ಲೆಕ್ಕಾನೂ ಹೇಳಿಬಿಡ್ತೀನಿ, ಲೀಸ್ ಅಂದ್ರೆ ಬಾಡಿಗೆ ಸೊನ್ನೆ ಅಂತ ಎಲ್ಲರೂ ಅನ್ಕೊಳ್ತಾರೆ. 9 ಲಕ್ಷದಲ್ಲಿ 4 ಲಕ್ಷ ಸಾಲ, ವರ್ಷಕ್ಕೆ ನೂರಕ್ಕೆ 12ರಂತೆ ತಿಂಗಳಿಗೆ 4 ಸಾವಿರ ಬಡ್ಡಿ. 2 ಲಕ್ಷ ತಿಪಟೂರಿಂದ ನಮ್ಮಪ್ಪ ಕೊಬ್ಬರಿ ಮಾರಿ ಕೊಟ್ಟಿದ್ದು, ಮಿಕ್ಕಿದ್ದು ನಮ್ಮ ಉಳಿತಾಯ, ಅದನ್ನ ಎಫ್‌ಡಿ ಇಟ್ಟಿದ್ರೆ ಬರ್ತಿದ್ದ ಬಡ್ಡಿ ಬೇರೆ. ಆಟೋ, ಪೆಟ್ರೋಲ್, ಸ್ಕೂಲ್ ವ್ಯಾನ್, ನೀರು ಎಲ್ಲ ಸೇರಿ ತಿಂಗಳಿಗೆ ಏಳು ಸಾವಿರ ಎಕ್ಸ್‌ಟ್ರಾ, ಬೇಸಿಗೇಲಿ ಇನ್ನೂ ಜಾಸ್ತಿ. ಉಳಿತಾಯ ಆಗ್ಲೇ ಇಲ್ಲ ಅಂತ ಹೇಳಲ್ಲ, ಐದಾರು ಸಾವಿರ ಉಳೀತಿತ್ತು. ಅದಕ್ಕೆ ಪ್ರತಿದಿನ ನಾಲ್ಕೈದು ಗಂಟೆ ರೋಡಲ್ಲಿ ಕಳೀತಿದ್ದೆ, ಮಗ ಸ್ಕೂಲಿಂದ ಬಂದು ಕೆಳಗಡೆ ಮನೆಯ ಅಜ್ಜಿ ಹತ್ರ ಊಟ ಮಾಡಿ ಮಲಗಿಬಿಡ್ತಿದ್ದ.

ಒಂದು ವರ್ಷ ಆದ್ಮೇಲೆ ಬಿಡ್ತೀವಿ ಅಂದ್ವಿ. ಓನರ್ ಒಪ್ಪಿದ್ರು, ಆದ್ರೆ ಬೇರೆ ಪಾರ್ಟಿ ಬಂದ ಮೇಲೆ ಅವರ ದುಡ್ಡಲ್ಲಿ ನಿಮ್ದು ಕೊಡ್ತೀನಿ ಅಂದ್ರು. ನಮ್ಮ ದುಡ್ಡು ಅವರು ಇನ್ನೊಂದು ಸೈಟಲ್ಲಿ ಮನೆ ಕಟ್ಟೋಕೆ ಹಾಕಿಬಿಟ್ಟಿದ್ರು. ಬಂದೋರೆಲ್ಲ ನೀರು ಕೇಳಿ ವಾಪಸ್ ಹೋಗೋರು. ಎರಡು ವರ್ಷದ ಅವಧಿ ಮುಗಿದ್ರೂ ಅದೇ ಮಾತು. ಪೊಲೀಸ್ ಸ್ಟೇಷನ್ನಿಗೆ ಹೋದ್ರೆ ಇದು ಸಿವಿಲ್ ಮ್ಯಾಟರ್ ಕಣಮ್ಮ, ಲಾಯರ್ ನೋಡಿ ಅಂದ್ರು. ಲಾಯರ್ ಅಗ್ರಿಮೆಂಟ್ ನೋಡಿ ಮೊದಲು ಕೇಳಿದ್ದು ರಿಜಿಸ್ಟರ್ ಆಗಿದ್ಯಾ ಅಂತ. ಒಂದು ವರ್ಷಕ್ಕಿಂತ ಜಾಸ್ತಿ ಲೀಸ್ ಆದ್ರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸ್ಲೇಬೇಕು, ಕಾನೂನು ಹಾಗಿದೆ. ನಮ್ಮದು ಸ್ಟ್ಯಾಂಪ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಿದ್ದು, ಇಲ್ಲೆಲ್ಲ ಹೀಗೇ ಮೇಡಂ ಅಂತ ಬ್ರೋಕರೇ ಮಾಡಿಸಿದ್ದು. ಅಂಥ ಪೇಪರ್ ಇಟ್ಕೊಂಡು ಕೋರ್ಟಲ್ಲಿ ಅದರ ಷರತ್ತುಗಳನ್ನ ಸಾಬೀತು ಮಾಡೋದು ಕಷ್ಟ ಅಂದ್ರು. ಓನರ್ 3 ಲಕ್ಷ ಕ್ಯಾಶಲ್ಲೇ ಬೇಕು ಅಂತ ಹಠ ಮಾಡಿ ತಗೊಂಡಿದ್ರು, ಅದಕ್ಕೆ ಬ್ಯಾಂಕ್ ದಾಖಲೆ ಇಲ್ಲ. ಬ್ಯಾಂಕಿಂದ ಹೋಗಿದ್ದ 6 ಲಕ್ಷ ಮಾತ್ರ ನಮ್ಮ ಕೈಯಲ್ಲಿರೋ ಗಟ್ಟಿ ಆಧಾರ.

ಅದೇ ಲೇಔಟಲ್ಲಿ ಎರಡು ರೋಡ್ ಹಿಂದೆ ಇನ್ನೊಂದು ಕುಟುಂಬಕ್ಕೆ ಇದಕ್ಕಿಂತ ಕೆಟ್ಟದ್ದಾಯ್ತು. ಅವರ ಓನರ್ ಮನೆ ಮೇಲೆ ಸಾಲ ತಗೊಂಡಿದ್ರು, ಕಂತು ಕಟ್ಟಿರಲಿಲ್ಲ, ಒಂದಿನ ಬ್ಯಾಂಕಿನೋರು ಬಂದು ಬಾಗಿಲಿಗೆ ನೋಟಿಸ್ ಅಂಟಿಸಿ ಹೋದ್ರು. ಲೀಸಲ್ಲಿದ್ದೋರ ದುಡ್ಡಿಗೆ ಬ್ಯಾಂಕ್ ಜವಾಬ್ದಾರಿ ಅಲ್ಲ. ರಿಜಿಸ್ಟ್ರೇಷನ್ ಇಲಾಖೆಯ ಕಾವೇರಿ ಅನ್ನೋ ವೆಬ್‌ಸೈಟಲ್ಲಿ ಆ ಆಸ್ತಿಯ ಇಸಿ, ಅಂದ್ರೆ ಋಣಭಾರ ಪತ್ರ, ತೆಗೆಸಿ, ಅಡಮಾನ ರಿಜಿಸ್ಟರ್ ಆಗಿದ್ರೆ ಅದರಲ್ಲಿ ಕಾಣುತ್ತೆ. ಜೊತೆಗೆ ಸೆರ್ಸಾಯ್ ಅಂತ ಕೇಂದ್ರದ ವೆಬ್‌ಸೈಟ್ ಇದೆ, ಸಣ್ಣ ಫೀಸ್ ಕಟ್ಟಿ ಯಾರು ಬೇಕಾದ್ರೂ ಆಸ್ತಿ ಮೇಲೆ ಬ್ಯಾಂಕ್ ಸಾಲ ಇದೆಯಾ ನೋಡ್ಬೋದು. ಒರಿಜಿನಲ್ ಪತ್ರ ತೋರಿಸಿ ಅಂತ ಕೇಳಿ, ಬ್ಯಾಂಕ್ ಲಾಕರಲ್ಲಿದೆ, ಊರಲ್ಲಿದೆ ಅಂದ್ರೆ ಅಲ್ಲಿಗೇ ಬಿಡಿ. ಆ ಮನೆಯ ಹೆಂಗಸು ಗಾರ್ಮೆಂಟ್ಸಲ್ಲಿ ದುಡಿದು ಕೂಡಿಟ್ಟ ದುಡ್ಡು ಅದು, ಆ ನೋಟಿಸ್ ಓದಿ ಹೇಳಿ ಅಂತ ನನ್ನ ಹತ್ರ ತಂದಾಗ ನಂಗೆ ಬಾಯಿಂದ ಮಾತೇ ಹೊರಡಲಿಲ್ಲ.

ನಾವು ಈಗ ಹೆಬ್ಬಗೋಡಿಯಲ್ಲಿ ಸಣ್ಣ ಮನೇಲಿದ್ದೀವಿ, ಒಂದೇ ಬೆಡ್‌ರೂಮು, ಬಾಡಿಗೆ, ಮೆಟ್ರೋ ಸ್ಟೇಷನ್ನಿಗೆ ನಡ್ಕೊಂಡು ಹೋಗ್ತೀನಿ. ಇಲ್ಲೂ ಬೋರ್ ನೀರೇ, ಆದ್ರೆ ಬರೋ ಮುಂಚೆ ಅಕ್ಕಪಕ್ಕದ ಮೂರು ಮನೆಯವರನ್ನ ಏಪ್ರಿಲಲ್ಲಿ ಹೇಗಿರುತ್ತೆ ಅಂತ ಕೇಳ್ಕೊಂಡು ಬಂದ್ವಿ. ನಮ್ಮ ಲೀಸ್ ಮನೆಯ ಓನರ್ ಇಲ್ಲೀವರೆಗೆ ಕಂತುಕಂತಲ್ಲಿ ಆರೂವರೆ ಲಕ್ಷ ಕೊಟ್ಟಿದ್ದಾರೆ, ಇನ್ನೂ ಎರಡೂವರೆ ಬರ್ಬೇಕು, ಲಾಯರ್ ನೋಟಿಸ್ ಹೋಗಿದೆ. ದುಡ್ಡು ಪೂರ್ತಿ ಬರೋಕೆ ಮುಂಚೆ ಕೀ ಕೊಡ್ಬೇಡಿ ಅಂತ ಲಾಯರ್ ಹೇಳಿದ್ದರಿಂದ ಆ ಮನೆಯ ಒಂದು ರೂಮಿಗೆ ನಮ್ಮ ಬೀಗ ಇನ್ನೂ ಹಾಗೇ ಇದೆ, ಒಳಗೆ ಹಳೇ ಮಂಚ, ಎರಡು ಪೆಟ್ಟಿಗೆ ಬಿಟ್ಟಿದ್ದೀವಿ. ಆದ್ರೂ ಅದೇ ಮನೆ 10 ಲಕ್ಷಕ್ಕೆ ಲೀಸಿಗಿದೆ ಅಂತ ಮತ್ತೆ ಜಾಹೀರಾತು ಹಾಕಿದ್ದಾರೆ, ಮೆಟ್ರೋ ಹತ್ರ, ಕಾವೇರಿ ಬರ್ತಿದೆ ಅಂತ. ಆನೇಕಲ್ ರೋಡಲ್ಲಿ ನಿಮಗೆ ಯಾರಾದ್ರೂ ಮನೆ ತೋರಿಸಿ ಒಂದು ರೂಮಿಗೆ ಬೀಗ ಹಾಕಿದ್ರೆ ಅದು ಯಾರ ಬೀಗ ಅಂತ ಕೇಳಿ, ಈಗಿರೋರ ಅಥ್ವಾ ಹಿಂದೆ ಇದ್ದೋರ ನಂಬರ್ ಇಸ್ಕೊಂಡು ಅವರ ಹತ್ರ ಮಾತಾಡಿ.